ಎಂಜಿನ್ನಿನಲ್ಲಿ ಕೂತ ಹಲ್ಲಿ

ನಮ್ಮ ಮಾಮಾನ ಕಿವಿ ದೇವರು ಕೊಟ್ಟದ್ದಲ್ಲ, ಮಹಾಪೆಯ ಕಾರ್ಖಾನೆ ಕೊಟ್ಟದ್ದು. ಹೀಗೆಂದು ಸ್ವತಃ ಮಾಮಾನೇ ಹೇಳುತ್ತಿದ್ದ. ದೇವರ ಕಡೆಯಿಂದ ಆಕ್ಷೇಪಣೆ ಬಂದದ್ದು ನನಗೆ ಗೊತ್ತಿಲ್ಲ. ಮೂವತ್ತು ವರ್ಷ ಅಲ್ಲಿ ಮಷೀನುಗಳ ಸದ್ದು ಕೇಳಿಯೇ ಯಾವ ಬೇರಿಂಗ್ ಯಾವಾಗ ಕೈಕೊಡುತ್ತದೆಂದು ಹೇಳಿಬಿಡುತ್ತಿದ್ದನಂತೆ. ನಿವೃತ್ತನಾಗಿ ಡೊಂಬಿವಲಿಯ ಮನೆಯಲ್ಲಿ ಕೂತ ಮೇಲೆ ಆ ಕಿವಿಗೆ ಕೆಲಸವಿಲ್ಲದಂತಾಯಿತು. ಕುಕ್ಕರಿನ ಸೀಟಿ ಎಣಿಸಲು ಅಂಥ ಕಿವಿ ಬೇಕೆ?

ಅಷ್ಟರಲ್ಲಿ ಅವನ ಹಳೇ ಬಿಳಿ ಕಾರು ಕರುಣೆ ತೋರಿತು. ಒಂದು ದಿನ ಎಂಜಿನ್ನಿನೊಳಗಿಂದ ಟಿಕ್ ಟಿಕ್ ಎಂಬ ಸದ್ದು ಶುರುವಾಯಿತು. ಬೇರೆಯವರಾದರೆ ತಲೆ ಮೇಲೆ ಕೈ ಹೊತ್ತುಕೊಳ್ಳುತ್ತಿದ್ದರು. ಮಾಮಾನಿಗೆ ಮೊಮ್ಮಗ ಹುಟ್ಟಿದಷ್ಟು ಖುಷಿಯಾಯಿತು.

ಮೊದಲು ಕಲ್ಯಾಣದ ಮೆಕ್ಯಾನಿಕ್ಕನ ಬಳಿ ಹೋದೆವು. ಭಾನುವಾರವಾದ್ದರಿಂದ ಸಾನಪಾಡಾದ ನನ್ನ ರೂಮಿನಿಂದ ನನ್ನನ್ನೂ ಸಾಕ್ಷಿಗೆ ಕರೆಸಿಕೊಂಡಿದ್ದ.

"ಆವಾಜ್ ಕೈಸಾ ಹೈ, ಕಾಕಾ?" ಸದ್ದು ಹೇಗಿದೆಯೆಂದು ಮೆಕ್ಯಾನಿಕ್ ಕೇಳಿದ.

ಮಾಮಾ ಗಂಟಲು ಸರಿಮಾಡಿಕೊಂಡು ಬಾಯಲ್ಲೇ ಎಂಜಿನ್ ಚಾಲೂ ಮಾಡಿದ. ಮೆಕ್ಯಾನಿಕ್ ಬಾನೆಟ್ಟನ್ನೂ ತೆಗೆಯದೆ, "ಟ್ಯಾಪೆಟ್ ಲೂಸ್" ಎಂದುಬಿಟ್ಟ.

ಮಾಮಾ ಒಪ್ಪಲಿಲ್ಲ. "ಟ್ಯಾಪೆಟ್ ಹೋ ತೋ ಟಿಕ್ ಟಿಕ್ ಬೋಲೇಗಾ. ಯೇ ಟಿಟಿಕ್ ಟಿಕ್ ಬೋಲತಾ ಹೈ."

"ಫರಕ್ ಕ್ಯಾ ಹೈ, ಕಾಕಾ?"

ಜೋಳದ ರೊಟ್ಟಿಗೂ ಚಪಾತಿಗೂ ಏನು ವ್ಯತ್ಯಾಸ ಎಂದು ಕೇಳಿದವನನ್ನು ನೋಡುವಂತೆ ಮಾಮಾ ಅವನನ್ನು ನೋಡಿದ. ಟ್ಯಾಪೆಟ್ ಬಿಗಿ ಮಾಡಿಸಿಕೊಂಡು ಬಂದೆವು. ದಾರಿಯುದ್ದಕ್ಕೂ ಕಾರು ಟಿಟಿಕ್ ಟಿಕ್ ಎಂದು ಮಾಮಾನ ಮಾತನ್ನೇ ಹೇಳಿತು.

ಆಮೇಲೆ ಸಂಶೋಧನೆ ಮನೆಗೇ ಬಂತು. ಕಾರ್ಖಾನೆಯಲ್ಲಿ ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿ ಮಷೀನಿಗೆ, ಇನ್ನೊಂದು ತುದಿ ಕಿವಿಗೆ ಇಟ್ಟು ಕೇಳುವುದು ಅವನ ಪದ್ಧತಿ. ಮನೆಯಲ್ಲಿ ಅಷ್ಟುದ್ದದ ಸ್ಕ್ರೂಡ್ರೈವರ್ ಎಲ್ಲಿಂದ ಬರಬೇಕು? ಮಾಮಿಯ ಲಟ್ಟಣಿಗೆ ಇತ್ತಲ್ಲ! ಸೊಸೈಟಿಯ ಮಂದಿ ಬಾಲ್ಕನಿಗಳಲ್ಲಿ ನಿಂತು, ಕಾರಿನ ಮೇಲೆ ಲಟ್ಟಣಿಗೆ ಊರಿ ಕಣ್ಣುಮುಚ್ಚಿ ಬಗ್ಗಿದ ಕರ್ನಾಟಕದ ಕಾಕಾನನ್ನು ಭಕ್ತಿಯಿಂದ ನೋಡಿದರು. ಅಂದು ಮಧ್ಯಾಹ್ನದ ಚಪಾತಿಯಲ್ಲಿ ತುಪ್ಪದ ಜೊತೆ ಎಂಜಿನ್ ಆಯಿಲಿನ ಘಮವೂ ಇತ್ತು. ನಾನು ನಾಲ್ಕು ತಿಂದೆ.

ವಾರದ ದಿನಗಳಲ್ಲೂ ನನಗೆ ಬಿಡುಗಡೆ ಇರಲಿಲ್ಲ. ಆಫೀಸಿಗೆ ಫೋನ್ ಮಾಡಿ, ಮೊಬೈಲನ್ನು ಬಾನೆಟ್ಟಿನೊಳಗೆ ಹಿಡಿದು, "ಕೇಳಸ್ತೇನಲೇ? ನಿನ್ನೆಕಿಂತ ಸಣ್ಣ ಆಗೇದಿಲ್ಲೋ?" ಎಂದು ಕೂಗುತ್ತಿದ್ದ. ನಾನು ಹೂಂ ಎಂದರೆ ಸಾಲದು. ಎಷ್ಟು ಸಣ್ಣ ಎಂದು ಹೇಳಬೇಕಿತ್ತು.

ಮಾಮಿಯ ರೋಗನಿರ್ಣಯವೇ ಬೇರೆ. "ಎಂಜಿನ್ನಿನ್ಯಾಗ ಹಲ್ಲಿ ಕೂತದ," ಎಂದಳು. ಹಲ್ಲಿ ನುಡಿದರೆ ಬೆರಳಿನಿಂದ ಟಕಟಕ ಕುಟ್ಟಿ "ಕೃಷ್ಣ ಕೃಷ್ಣ" ಎನ್ನುವುದು ನಮ್ಮ ಕಡೆಯ ರೂಢಿ. ಯಾರಾದರೂ ಮಾತಾಡಿದ ಬೆನ್ನಿಗೇ ನುಡಿದರಂತೂ ಆ ಮಾತು ಸತ್ಯವೆಂದೇ ಲೆಕ್ಕ. ಮಾಮಿ ಮುಂದಿನ ಸೀಟಿನಲ್ಲಿ ಕೂತು, "ಈ ಗಾಡಿ ಮಾರಿಬಿಡ್ರಿ," ಎನ್ನುವಳು. ಕಾರು ಟಿಟಿಕ್ ಟಿಕ್ ಎನ್ನುವುದು. ಮಾಮಿ ಡ್ಯಾಶ್‌ಬೋರ್ಡ್ ಕುಟ್ಟಿ, "ಕೃಷ್ಣ ಕೃಷ್ಣ. ಕೇಳಿದ್ರಿಲ್ಲೋ? ಅದೂ ಹೌದಂತು!" ಎನ್ನುವಳು. ತನ್ನ ಸ್ವಂತ ಕಾರೇ ತನಗೆ ತಿರುಗಿ ಬಿದ್ದದ್ದು ಮಾಮಾನಿಗೆ ಬಹಳ ನೋವಿನ ಸಂಗತಿ.

ಮಾಮಿಯ ಸಿಟ್ಟಿಗೂ ಕಾರಣವಿತ್ತು. ಬದಲಾಪುರದಲ್ಲಿರುವ ತಂಗಿಯ ಮನೆಗೆ ಹೋಗದೆ ಆರು ತಿಂಗಳಾಗಿತ್ತು. ಪ್ರತಿ ಭಾನುವಾರವೂ ಕಾರು ಬಾಯಿ ತೆರೆದುಕೊಂಡು ನಿಂತಿರುತ್ತಿತ್ತು. ಕೊನೆಗೆ ತೀರ್ಪು ಕೊಟ್ಟಳು: "ದೀಪಾವಳಿತನಕ ನೋಡ್ತೀನಿ. ಸದ್ದು ನಿಂದರಲಿಲ್ಲಂದ್ರ ಗಾಡಿ ಭಂಗಾರದವಗ." ಅಂದರೆ ಗುಜರಿಗೆ. ಮಾಮಾ ಊಟ ಬಿಟ್ಟು ಎದ್ದ. ಕಾರು ಹೋದರೆ ಆ ಕಿವಿಯನ್ನು ಕೇಳುವವರು ಯಾರು?

ದೀಪಾವಳಿಗೆ ಎಂಟು ದಿನವಿತ್ತು. ಮಾಮಾನ ಫೋನ್ ಬಂತು. "ಸದ್ದು ನಿಂತದ, ಬಾ. ಬದಲಾಪುರಕ್ಕ ಹೋಗೂಣು."

ಹೋದೆ. ನಾನು ಹಿಂದೆ ಕೂತೆ, ಮಾಮಿ ಮುಂದೆ. ಮಾಮಾ ಕೀಲಿ ತಿರುವಿ, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಕೇಳಿದ. ಮುಖದ ತುಂಬ ನಗು.

"ನೋಡಿದ್ಯಾ? ಒಂದು ಬೋಲ್ಟ್ ಅರ್ಧ ಸುತ್ತು ತಿರುವಿದೆ. ಅಷ್ಟ. ಈಗ ಏನರೆ ಕೇಳಸ್ತದೇನು?"

ಟಿಟಿಕ್ ಟಿಕ್. ಟಿಟಿಕ್ ಟಿಕ್. ಮೊದಲ ದಿನದಷ್ಟೇ ಸ್ಪಷ್ಟವಾಗಿ, ಒಂದಿಷ್ಟೂ ಸಣ್ಣದಾಗದೆ.

ತಮಾಷೆ ಮಾಡುತ್ತಿದ್ದಾನೆಂದು ನಗಲು ಬಾಯಿ ತೆರೆದೆ. ಆಗ ನೆನಪಾಯಿತು: ಎರಡು ಮೂರು ತಿಂಗಳಿಂದ ಟಿವಿಯ ದನಿ ಗೇಟಿನವರೆಗೆ ಬರುತ್ತಿತ್ತು. ಅಂದು ಬೆಳಿಗ್ಗೆ ನಾನು ನಾಲ್ಕು ಸಲ ಬೆಲ್ ಒತ್ತಿದ್ದೆ. ಒಳಗೆ ಬಾಗಿಲ ಪಕ್ಕದಲ್ಲೇ ಮಾಮಾ ಪೇಪರ್ ಓದುತ್ತ ಕೂತಿದ್ದ. ಕಾರ್ಖಾನೆ ತಾನು ಕೊಟ್ಟ ಕಿವಿಯನ್ನು ತಾನೇ ವಾಪಸು ತೆಗೆದುಕೊಂಡಿತ್ತು.

ಮಾಮಿಯ ಬೆರಳು ರೂಢಿಯಂತೆ ಡ್ಯಾಶ್‌ಬೋರ್ಡಿನತ್ತ ಏಳುತ್ತಿತ್ತು. ಅರ್ಧಕ್ಕೇ ನಿಂತಿತು. ಅವಳು ಮಾಮಾನ ಮುಖವನ್ನೇ ನೋಡಿದಳು.

"ಇಲ್ರಿ," ಎಂದಳು, ಎಂದಿಗಿಂತ ಸ್ವಲ್ಪ ಗಟ್ಟಿಯಾಗಿ. "ಏನೂ ಕೇಳಸೂದಿಲ್ಲ. ನಡೀರಿ."

ಆ ಮಾತಿಗೂ ಹಲ್ಲಿ ನುಡಿಯಿತು. ಮಾಮಿ ಆ ಕೈಯನ್ನು ಸೆರಗಿನೊಳಗೆ ಬಿಗಿಯಾಗಿ ಸುತ್ತಿಕೊಂಡಳು, ಬದಲಾಪುರ ಬರುವತನಕ ಹೊರಗೆ ತೆಗೆಯಲಿಲ್ಲ.