ಅಗಲವಾದ ಹೊಸ ತಂಗಿ

ನಮ್ಮ ಕಾಕಾ ಜೀವನದಲ್ಲಿ ಬಿಗಿಯಾಗಿ ಕಟ್ಟಿದ್ದು ಯಾವುದೂ ಇಲ್ಲ. ಅವರ ಮನೆಯ ಉಪ್ಪಿನಕಾಯಿ ಭರಣಿಯನ್ನು ಮುಚ್ಚಳ ಹಿಡಿದು ಎತ್ತಿದರೆ ಭರಣಿ ಸ್ವಲ್ಪ ದೂರ ಜೊತೆಗೆ ಬಂದು ಆಮೇಲೆ ಮನಸ್ಸು ಬದಲಿಸುತ್ತದೆ. ಕೈಗಡಿಯಾರ ಮಣಿಕಟ್ಟಿನಿಂದ ಮೊಣಕೈವರೆಗೆ ಓಡಾಡಿಕೊಂಡಿರುತ್ತದೆ. ಚಪ್ಪಲಿ ಅವರಿಗಿಂತ ಒಂದು ಹೆಜ್ಜೆ ಹಿಂದೆ ಬರುತ್ತದೆ. ಇಷ್ಟಕ್ಕೇ ನಿಂತಿದ್ದರೆ ಅವರ ಪಾಡು ಅವರಿಗೆ ಎನ್ನಬಹುದಿತ್ತು. ಎದುರಿಗೆ ಕುಳಿತವರ ಕಾಲರಿನ ಗುಂಡಿ ಹಾಕಿದ್ದು ಕಂಡರೂ ಅವರಿಗೆ ತಡೆಯುವುದಿಲ್ಲ, ಮಾತಿನ ನಡುವೆಯೇ ಕೈಚಾಚಿ ಬಿಚ್ಚಿಬಿಡುತ್ತಾರೆ. ನನ್ನನ್ನು ನೋಡಲು ಬಂದಿದ್ದ ನನ್ನ ಮಾವನವರ ಗುಂಡಿಯನ್ನೂ ಬಿಚ್ಚಿದ್ದರು! "ಆರಾಮ ಕುಂದರ್ರಿ ಬೀಗರ, ಉಸುರು ಆಡ್ಲಿ." ಮಾವನವರು ಗಾಬರಿಯಲ್ಲಿ ಸಂಬಂಧಕ್ಕೆ ಒಪ್ಪಿಬಿಟ್ಟರು.

ಇಂಥವರು ಮಾಡುತ್ತಿದ್ದ ಕೆಲಸವಾದರೂ ಏನು? ಭಾಲ್ಕಿಯಲ್ಲಿ ದರ್ಜಿ. ಶಾಲೆಯ ಸಮವಸ್ತ್ರ ಹೊಲಿಯುವುದು. ಒಂದನೆಯ ಇಯತ್ತೆಗೆ ಹೊಲಿಸಿದ ಚಡ್ಡಿ ನಾಲ್ಕನೆಯದರಲ್ಲಿ ಸರಿಯಾಗಿ ಕೂಡುತ್ತಿತ್ತು. ತಾಯಂದಿರು ಅವರನ್ನು ದೇವರೆನ್ನುತ್ತಿದ್ದರು. ನಡುವಿನ ಮೂರು ವರ್ಷ ಆ ಮಕ್ಕಳು ಒಂದು ಕೈಯಲ್ಲಿ ಬರೆಯುತ್ತ ಇನ್ನೊಂದು ಕೈಯಲ್ಲಿ ಚಡ್ಡಿ ಹಿಡಿದುಕೊಂಡಿರುತ್ತಿದ್ದವು. ನಾನು ಶಾಲೆಯ ಅಕ್ಕೋರು, ನನಗೆ ಗೊತ್ತು.

ಮೊಣಕಾಲು ನೋವೆಂದು ಅಂಗಡಿ ಮುಚ್ಚಿದ ವರ್ಷ ಅವರ ಹೆಂಡತಿ, ನಮ್ಮ ಕಾಕು, ಕಾಕಾನನ್ನು ದೀಪಾವಳಿ ಮುಗಿದ ಮೇಲೆ ಎಮ್ಮೆ ತರಲು ದನದ ಸಂತೆಗೆ ಕಳಿಸಿದರು. ಸಂಜೆ ಕಾಕಾ ಒಂದು ಬಿಳಿ ಹೆಣ್ಣುಕುದುರೆಯನ್ನು ಹಿಡಿದುಕೊಂಡು ಬಂದರು.

"ಎಮ್ಮಿ ಎಲ್ಲದ?" ಅಂದರು ಕಾಕು.

"ಇದೇ ಅದ."

"ಇದು ಹಾಲು ಕೊಡ್ತದೇನು?"

"ಕೇಳಿ ನೋಡ್ತೇನಿ."

ಬ್ಯಾಂಡಿನವರ ಬಳಿ ಇದ್ದ ಘೋಡಿ ಅದು. ವರ್ಷಗಟ್ಟಲೆ ಮದುಮಕ್ಕಳನ್ನು ಹೊತ್ತು ಮೆರವಣಿಗೆ ಮಾಡಿತ್ತು. ಮುಂಗಾಲುಗಳ ಹಿಂದೆ ಎರಡೂ ಕಡೆ ಅಂಗೈಯಗಲ ಕೂದಲು ಉದುರಿ ಚರ್ಮ ಗಡುಸಾಗಿತ್ತು. ಬೆನ್ನ ಮೇಲಿನ ಜೀನು ಜಾರದಂತೆ ಹೊಟ್ಟೆಯ ಕೆಳಗಿನಿಂದ ಸುತ್ತಿ ಎಳೆದು ಕಟ್ಟುವ ಪಟ್ಟಿ ಇರುತ್ತದಲ್ಲ, ಅದು ಕೊರೆದ ಜಾಗ. ಸಂತೆಯಲ್ಲಿ ಕಾಕಾ ಅಲ್ಲಿ ಬೆರಳಿಟ್ಟರಂತೆ, ಕುದುರೆ ಮೈಯೆಲ್ಲ ನಡುಗಿಸಿತಂತೆ, ಇವರು ಹಗ್ಗ ಹಿಡಿದರಂತೆ. ಎಮ್ಮೆಯ ಮಾತು ಅಲ್ಲಿಗೆ ಮುಗಿಯಿತು.

ಆ ಪಟ್ಟಿಗೆ ನಮ್ಮ ಕಡೆ ತಂಗ್ ಎನ್ನುತ್ತಾರೆ. ಇಕ್ಕಟ್ಟಾದದ್ದಕ್ಕೂ ತಂಗ್ ಎನ್ನುತ್ತಾರೆ. ಯಾರಾದರೂ ಕಾಟ ಕೊಟ್ಟರೆ ಅದೂ ತಂಗ್ ಮಾಡಿದಂತೆ. ಕಾಕಾನ ಮೊದಲ ಆಕ್ಷೇಪಣೆ ಈ ಹೆಸರಿನ ಮೇಲೆಯೇ. "ಹೆಸರೇ ತಂಗ್ ಅಂತ ಇಟ್ಟಾರ ಮಗಳ. ಆರಾಮ ಅಂತ ಇಟ್ಟಿದ್ರ ಇವರಪ್ಪನ ಗಂಟು ಏನು ಹೋಗ್ತಿತ್ತು?"

ಕುದುರೆಗೆ ಅವರು ಬೇರೆ ಹೆಸರಿಡಲಿಲ್ಲ. ಗೌರವದಿಂದ "ಅಕ್ಕೋರ" ಎಂದು ಕರೆದರು. ಕಾಕುಗೆ "ಏ, ಚಾ ಕೊಡು" ಎನ್ನುವ ಮನುಷ್ಯ ಕುದುರೆಗೆ "ಅಕ್ಕೋರ, ಜರಾ ಸರೀರಿ" ಎನ್ನುತ್ತಿದ್ದರು. ನಾನು ಹೋದಾಗ ಅಂಗಳದಿಂದ ಆ ಕೂಗು ಕೇಳಿದರೆ ನಾವಿಬ್ಬರೂ ತಿರುಗಿ ನೋಡುತ್ತಿದ್ದೆವು.

ಅಕ್ಕೋರು ಸಾಧು. ಆದರೆ ತಂಗ್ ಕಂಡರೆ ಕಿವಿ ಹಿಂದಕ್ಕೆ ಮಲಗಿಸಿ ಕಚ್ಚಲು ಬರುತ್ತಿತ್ತು. ಹೊಟ್ಟೆಯನ್ನು ಉಬ್ಬಿಸಿ ಉಸಿರು ಹಿಡಿದು ನಿಲ್ಲುತ್ತಿತ್ತು. ಕಾಕಾಗೆ ಬಿಗಿಯಲು ಮನಸ್ಸು ಬರುತ್ತಿರಲಿಲ್ಲ. ಹೀಗಾಗಿ ಘೋಡಿಯನ್ನು ಬಾಡಿಗೆಗೆ ಒಯ್ದ ಮೆಹಕರದ ಮದುವೆಯಲ್ಲಿ ಆಗಬೇಕಾದದ್ದು ಆಯಿತು. ಮದುಮಗ ಜೀನಿನ ಮೇಲೆಯೇ ಇದ್ದ. ಬಾಸಿಂಗ ಸರಿಯಾಗಿತ್ತು, ಕೈಯಲ್ಲಿ ಕಟಾರಿ ಸರಿಯಾಗಿತ್ತು. ಜೀನು ಮಾತ್ರ ಕುದುರೆಯ ಹೊಟ್ಟೆಯ ಕೆಳಗೆ ಹೋಗಿತ್ತು. ಅಕ್ಕೋರು ಒಂದು ಹೆಜ್ಜೆಯನ್ನೂ ಕದಲಿಸದೆ ಕಲ್ಲಿನಂತೆ ನಿಂತದ್ದರಿಂದ ಹುಡುಗ ಉಳಿದ. ಅವನ ಅಜ್ಜ ಕಾಕಾನನ್ನು ಕೇಳಿದ: "ಏನಪ್ಪಾ, ತಂಗ್ ಕಟ್ಟಿದ್ದಿಲ್ಲೇನು?"

"ಕಟ್ಟಿದ್ದೆ. ಒತ್ತಾಯ ಮಾಡಿದ್ದಿಲ್ಲ."

ಆ ರಾತ್ರಿ ಊಟಕ್ಕೆ ಬಡಿಸುತ್ತ ಕಾಕು ಒಂದೇ ಮಾತು ಹೇಳಿದರು. "ಇನ್ನೊಬ್ಬ ಮದುಮಗ ಬಿದ್ದರ ಈ ಘೋಡಿ ಈ ಮನ್ಯಾಗ ಇರಂಗಿಲ್ಲ. ಸಂತಿಗಿ ಹೋಗ್ತದ." ಕಾಕು ಸಿಟ್ಟಿನಲ್ಲಿ ಹೇಳಿದ್ದರೆ ಕಾಕಾ ನಗುತ್ತಿದ್ದರು. ಅವರು ಸಮಾಧಾನವಾಗಿ ಹೇಳಿದ್ದರು. ಸಂತೆಯಲ್ಲಿ ಇಂಥ ಮುದಿ ಘೋಡಿಯನ್ನು ಮತ್ತೆ ಯಾರು ಕೊಳ್ಳುತ್ತಾರೆ, ಯಾವ ಪಟ್ಟಿಯಿಂದ ಬಿಗಿಯುತ್ತಾರೆ ಎಂಬುದು ಕಾಕಾಗೆ ಗೊತ್ತಿತ್ತು. ಅವರು ರೊಟ್ಟಿಯನ್ನು ಅರ್ಧಕ್ಕೆ ಬಿಟ್ಟು ಎದ್ದರು.

ಮರುದಿನದಿಂದ ಸಂಶೋಧನೆ ಶುರುವಾಯಿತು. ಒತ್ತಬಾರದು, ಜಾರಲೂಬಾರದು, ಅಂಥ ಪಟ್ಟಿ ಬೇಕು. ಹೊಲಿಗೆ ಮಷೀನಿನ ಮೇಲಿನ ಧೂಳು ಹಾರಿತು. ಮೊದಲು ರೆಕ್ಸಿನ್‌ನದು ಹೊಲಿದರು. ಆಮೇಲೆ ಗೋಣಿನಾರಿನದು. ಅದಾದ ಮೇಲೆ ಹಳೆಯ ಮಂಚಕ್ಕೆ ಹೆಣೆದಿದ್ದ ನವಾರಿನದು. ಹೊಲಿದದ್ದನ್ನು ಕುದುರೆಗೆ ಕಟ್ಟಿ ನೋಡಿದರೇ? ಇಲ್ಲ! ಮೊದಲು ತಾವೇ ಕಟ್ಟಿಕೊಂಡರು. ಅಂಗಿಯೊಳಗೆ ಕುದುರೆಯ ತಂಗ್ ಕಟ್ಟಿಕೊಂಡು ಇಡೀ ದಿನ ಭಾಲ್ಕಿಯಲ್ಲಿ ಓಡಾಡಿದರು. ಅಂಚೆ ಕಚೇರಿಗೆ ಹೋದರು, ತೀರಿಕೊಂಡವರೊಬ್ಬರ ಮಣ್ಣಿಗೂ ಹೋಗಿ ಬಂದರು. ಸಂಜೆ ಬಿಚ್ಚಿ, ಹೊಟ್ಟೆಯ ಮೇಲಿನ ಗುರುತು ನೋಡಿ ತೀರ್ಪು ಕೊಡುತ್ತಿದ್ದರು. ರೆಕ್ಸಿನ್ನಿಗೆ ಬೆವರುಸಾಲೆ ಎದ್ದಿತು. ಗೋಣಿನಾರು ತುರಿಸಿತು. ನವಾರು ಪರವಾಗಿಲ್ಲ, ಆದರೆ ಅಂಚು ಕೊರೆಯಿತು.

"ಊಟಾ ಆದ ಮ್ಯಾಲ ಉಸುರು ಸಿಗವಲ್ದು," ಅಂದರು.

"ಏಳು ರೊಟ್ಟಿ ತಿಂದ್ರ ಪಟ್ಟಿ ಇಲ್ಲದನೂ ಸಿಗಂಗಿಲ್ಲ," ಅಂದರು ಕಾಕು.

ಬೀದರದಲ್ಲಿ ತಯಾರಾದದ್ದು ಸಿಗಬಹುದೆಂದು ಕಾಕಾಗೆ ಹೊಳೆದದ್ದು ಆಗ. ನಾನಿರುವುದು ಅಲ್ಲಿಯ ಮೈಲೂರಿನಲ್ಲಿ. ಅವರಿಗೆ ಬರೆಯಲು ಬೇಸರ, ಮೊಬೈಲಿಗೆ ಬಾಯಲ್ಲಿ ಹೇಳಿದರೆ ಅದೇ ಬರೆದುಕೊಳ್ಳುತ್ತದೆಂದು ಯಾರೋ ಕಲಿಸಿದ್ದರು. ಆ ಮೊಬೈಲು ಬಲು ಸಂಸಾರಸ್ಥ ಮೊಬೈಲು. ತಂಗ್ ಎಂಬ ಶಬ್ದ ಅದಕ್ಕೆ ಗೊತ್ತಿರಲಿಲ್ಲ, ತಂಗಿ ಗೊತ್ತಿತ್ತು. ನನಗೊಬ್ಬಳಿಗೆ ಬರಬೇಕಾದ ಸಂದೇಶ ಇಪ್ಪತ್ತೆರಡು ಜನರಿರುವ ನಮ್ಮ ಮನೆತನದ ಗುಂಪಿಗೆ ಹೋಯಿತು:

"ತಂಗಿ ಹಳೇದಾಗ್ಯದ. ಬಾಳ ಕಚ್ಚತದ. ಬೀದರದಾಗ ಅಗಲ ಇರೋ ಹೊಸ ತಂಗಿ ನೋಡು. ಮೆತ್ತಗ ಇರಬೇಕು. ಎರಡೂ ಕಡಿ ಬಕಲ್ ಇದ್ರ ಚಲೋ. ಹಳೀ ತಂಗಿ ಇವತ್ತೇ ತಿಪ್ಪಿಗಿ ಒಗಿತೇನಿ."

ಕಾಕಾಗೆ ಇರುವವಳು ಒಬ್ಬಳೇ ತಂಗಿ, ಚಿಂತಾಕಿಯಲ್ಲಿರುವ ನಮ್ಮ ಅತ್ತೆ. ಅವರೂ ಗುಂಪಿನಲ್ಲಿದ್ದಾರೆ. ನನ್ನ ತಪ್ಪೂ ಇದೆ, ಒಪ್ಪಿಕೊಳ್ಳುತ್ತೇನೆ. ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದವಳು ಒಂದು ಕ್ಷಣ ನೋಡಿ, ಅರ್ಥ ಮಾಡಿಕೊಂಡು, "ಆಯ್ತು ಕಾಕಾ, ಇವತ್ತೇ ನೋಡ್ತೇನಿ" ಎಂದು ಅದೇ ಗುಂಪಿನಲ್ಲಿ ಉತ್ತರ ಕೊಟ್ಟೆ. ನನ್ನ ತಮ್ಮ ಅದರ ಕೆಳಗೆ ಹೆಬ್ಬೆರಳೆತ್ತಿದ ಚಿತ್ರ ಹಾಕಿದ.

ಮಧ್ಯಾಹ್ನ ಅತ್ತೆಯ ಫೋನು ಬಂತು.

"ಸಿಕ್ಕಳೇನವಾ?"

"ಯಾರು ಅತ್ತಿ?"

"ಹೊಸಾಕಿ. ಎಷ್ಟು ಅಗಲ ಬೇಕಂತ? ನಾನೂ ಸಣ್ಣಾಕಿ ಏನಲ್ಲಲ್ಲ!"

ನಾನು ತಿಳಿಸಿ ಹೇಳಿದೆ. ಅರ್ಧ ತಣ್ಣಗಾದರು. ಪೂರ್ತಿ ತಣ್ಣಗೆ ಮಾಡಲು ಕಾಕಾ ಖುದ್ದು ಫೋನು ಮಾಡಿ, "ನಿನಗ ಅಂದದ್ದಲ್ಲವಾ, ನಿನ್ನ ಯಾರು ಘೋಡಿ ಹೊಟ್ಟಿಗಿ ಕಟ್ತಾರ?" ಎಂದರು. ಅಲ್ಲಿಗೆ ಮಾತು ನಿಂತಿತು. ಮೂರು ವಾರ ನಿಂತಿತು. ಅತ್ತೆಯ ಕಿರಿಮಗನ ಮದುವೆಯ ದಿನ ಗೊತ್ತಾಗಿತ್ತು. ಲಗ್ನಪತ್ರಿಕೆ ಹಿಡಿದು ಭಾಲ್ಕಿಗೆ ಬಂದವರು ಅಣ್ಣನನ್ನು ಬಿಟ್ಟು ಕಾಕುವಿನ ಎದುರಿಗೆ ಕುಳಿತು ಹೇಳಿದರು. "ವೈನಿ, ನಿನ್ನ ಗಂಡಗ ಹೇಳು. ಮೆರವಣಿಗಿಗಿ ಅವನ ಘೋಡಿನೇ ಬೇಕು, ಬ್ಯಾರೆ ಬ್ಯಾಡ. ಆದ್ರ ಚಿಂತಾಕಿ ಮಂದಿ ಮುಂದ ನನ್ನ ಮಗ ಬಿದ್ದ ಅಂದ್ರ, ನಿನ್ನ ಮನ್ಯಾಗ ಘೋಡಿ ಇರಂಗಿಲ್ಲ, ಅವನಿಗಿ ತಂಗಿ ಇರಂಗಿಲ್ಲ."

"ಯಾವ ತಂಗಿ?" ಅಂದರು ಕಾಕಾ, ನಿಜವಾಗಿ ತಿಳಿಯದೆ.

ಪುಣ್ಯಕ್ಕೆ ಕಾಕು ಅಷ್ಟರಲ್ಲಿ ಎದ್ದು ಹೋಗಿ ಚಹಾ ತಂದರು.

ಬೀದರದ ಹಳೆಯ ಓಣಿಯಲ್ಲಿ ಟಾಂಗಾದ ಕಾಲದಿಂದ ಚರ್ಮದ ಕೆಲಸ ಮಾಡುತ್ತಿದ್ದ ಒಬ್ಬ ಮುದುಕರು ನನಗೆ ಸಿಕ್ಕರು. ಈಗ ಅವರು ಶಾಲೆಯ ಚೀಲದ ಜಿಪ್ ಹಾಕಿಕೊಡುತ್ತಾರೆ. ನನ್ನ ಕಥೆಯನ್ನೆಲ್ಲ ಕೇಳಿ, "ಪಟ್ಟಿ ಪಟ್ಟಿ ಅಂತೀರಿ ತಾಯಿ, ಜಾಗಾ ನೋಡ್ರಿ ಮೊದಲು," ಎಂದು ತಮ್ಮದೇ ಎದೆಯ ಮೇಲೆ ತೋರಿಸಿಕೊಟ್ಟರು. ಪಟ್ಟಿ ಮುಂಗಾಲಿನ ಸಂದಿಯಿಂದ ನಾಲ್ಕು ಬೆರಳು ಹಿಂದೆ ಕೂಡಬೇಕು. ಅಂಚು ಹೊರಗೆ ಮಡಚಿರಬೇಕು, ಒಳಗಲ್ಲ. ಒಂದೇ ಸಲ ಎಳೆಯಬಾರದು, ಒಂದು ತೂತು ಎಳೆದು ನಾಲ್ಕು ಹೆಜ್ಜೆ ನಡೆಸಿ ಇನ್ನೊಂದು ಎಳೆಯಬೇಕು. ಆಮೇಲೆ ಮುಂಗಾಲುಗಳನ್ನು ಒಂದೊಂದಾಗಿ ಮುಂದಕ್ಕೆ ಚಾಚಿದರೆ ಪಟ್ಟಿಯಡಿ ಸಿಕ್ಕಿದ ಚರ್ಮದ ಮಡಿಕೆ ಬಿಚ್ಚಿಕೊಳ್ಳುತ್ತದೆ. ಎಲ್ಲ ಆದ ಮೇಲೆ ಎರಡು ಬೆರಳು ಚಪ್ಪಟೆಯಾಗಿ ಒಳಗೆ ಹೋಗಬೇಕು. "ಮೂರು ಹೋದರ ಮದುಮಗ ಬೀಳ್ತಾನ. ಒಂದೇ ಹೋದರ ಜಾನವಾರ ಅಳ್ತದ. ಬಸ್, ಇಷ್ಟೇ."

ಕಾಕಾ ಇದನ್ನು ನನ್ನ ಬಾಯಿಂದ ಎರಡು ಸಲ ಹೇಳಿಸಿಕೊಂಡು, ನವಾರಿನ ಮೇಲೆ ಕಾಕುವಿನ ಹಳೆಯ ನೂಲಿನ ಸೀರೆಯನ್ನು ಎಂಟು ಪದರ ಮಾಡಿ ಹೊಲಿದರು. ಕಾಕು ಬೈಯುತ್ತಲೇ ಅದಕ್ಕೆ ಕೌದಿಯ ಹೊಲಿಗೆ ಹಾಕಿಕೊಟ್ಟರು. ಎರಡೂ ಕಡೆ ಬಕಲ್ ಬಂತು. ಅಂಗೈಗಿಂತ ಅಗಲ, ಕೂಸಿನ ಹಾಸಿಗೆಯಷ್ಟು ಮೆತ್ತಗೆ. ಕಾಕಾ ಅದನ್ನು ಎರಡು ದಿನ ತಾವು ಕಟ್ಟಿಕೊಂಡು, ಬಿಚ್ಚಲು ಮನಸ್ಸಿಲ್ಲದೆ ಬಿಚ್ಚಿ, ಕುದುರೆಗೆ ಕೊಟ್ಟರು.

ಉಸಿರು ಹಿಡಿಯುವ ರೋಗ ಉಳಿದಿತ್ತಲ್ಲ? ಅದಕ್ಕೂ ಮದ್ದು ಸಿಕ್ಕಿತು. ಅಕ್ಕೋರು ಹೊಟ್ಟೆ ಉಬ್ಬಿಸಿದ ಕೂಡಲೆ ಕಾಕಾ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಪೇಪರು ಓದತೊಡಗುವರು. ಊರ ಸುದ್ದಿಗೆ ಕುದುರೆ ಜಗ್ಗುತ್ತಿರಲಿಲ್ಲ. ಸಂಪಾದಕೀಯದ ಎರಡನೆಯ ಪ್ಯಾರಾಕ್ಕೆ ಬರುವಷ್ಟರಲ್ಲಿ ದೊಡ್ಡ ನಿಟ್ಟುಸಿರು ಬಿಡುತ್ತಿತ್ತು. ಆಗ ಒಂದು ತೂತು.

ಹದಿನೈದು ದಿನಕ್ಕೊಮ್ಮೆ ದರ್ಜಿಯ ಟೇಪಿನಲ್ಲಿ ಅಳತೆ, ಹಳೆಯ ಪುಸ್ತಕದಲ್ಲಿ ಟಿಪ್ಪಣಿ: ಎದೆ ಇಷ್ಟು, ಹೊಟ್ಟೆ ಇಷ್ಟು. ಪ್ರತಿ ಸಲವೂ ಹೊಟ್ಟೆ ಹೆಚ್ಚುತ್ತಿತ್ತು. ಪಟ್ಟಿಗೆ ಹೊಸ ತೂತು ಬೀಳುತ್ತಿತ್ತು. "ನೋಡಿದೇನು? ಆರಾಮ ಸಿಕ್ಕದ, ಮೈ ಬಿಟ್ಟಾರ," ಎಂದು ಕಾಕಾ ಪಟ್ಟಿಯ ಕೀರ್ತಿ ಹಾಡುತ್ತಿದ್ದರು. ಕಿವಿ ಮಾತ್ರ ಇನ್ನೂ ಹಿಂದಕ್ಕೆ ಹೋಗುತ್ತಿತ್ತು. ಇನ್ನೊಂದು ಪದರ ಸೀರೆ ಹಾಕಿದರು. ಆಮೇಲೂ ಹೋಗುತ್ತಿತ್ತು. ಬಕಲಿನ ಜಾಗ ಬದಲಿಸಿದರು.

ಮದುವೆಯ ದಿನ ಚಿಂತಾಕಿಯಲ್ಲಿ ಅತ್ತೆಯ ಮನೆಯಿಂದ ಬುದ್ಧ ವಿಹಾರದವರೆಗೆ ಮೆರವಣಿಗೆ. ಸಂಜೆ ಐದರ ಬಿಸಿಲು. ಕಾಕಾ ಶಾಸ್ತ್ರೋಕ್ತವಾಗಿ ಕಟ್ಟಿದರು, ನಡೆಸಿದರು, ಎಳೆದರು, ಮುಂಗಾಲು ಚಾಚಿದರು. ಎರಡು ಬೆರಳು ಹೋದವು. ಮದುಮಗ ಏರಿದ. ಜೀನು ಅಲುಗಲಿಲ್ಲ. ಬ್ಯಾಂಡು ಶುರುವಾಯಿತು. ಅತ್ತೆ ಹೊಸ ರೇಷ್ಮೆ ಸೀರೆಯಲ್ಲಿ ಮಗನನ್ನೇ ನೋಡುತ್ತ, ಕಾಕು ಜೀನನ್ನೇ ನೋಡುತ್ತ, ಕಾಕಾ ಪಟ್ಟಿಯನ್ನೇ ನೋಡುತ್ತ ನಡೆದರು. ಹಿಟ್ಟಿನ ಗಿರಣಿ ದಾಟಿತು. ಪಂಚಾಯಿತಿ ಕಟ್ಟೆ ಬಂತು. ಇನ್ನು ನೂರು ಹೆಜ್ಜೆ ಹೋದರೆ ಕುದುರೆಯೂ ಉಳಿಯುತ್ತದೆ, ತಂಗಿಯೂ ಉಳಿಯುತ್ತಾಳೆ.

ಅಕ್ಕೋರು ನಿಂತುಬಿಟ್ಟಿತು. ಕುತ್ತಿಗೆ ತಿರುಗಿಸಿ ತನ್ನ ಹೊಟ್ಟೆಯನ್ನೇ ನೋಡಿತು. ಹಿಂಗಾಲೊಂದನ್ನು ಎತ್ತಿ ಮೆಲ್ಲಗೆ ಇಟ್ಟಿತು.

ಕಾಕಾ ಅದರ ಮುಖ ನೋಡಿದರು. ಆಮೇಲೆ ತಲೆಯೆತ್ತಿ ಮದುಮಗನಿಗೆ, "ಇಳೀಯಪ್ಪಾ," ಅಂದರು.

"ಮಾಮಾ, ಮಂದಿ ನೋಡಲತ್ಯಾರ!"

"ನೋಡ್ಲಿ. ಇಳಿ."

ಇಡೀ ಚಿಂತಾಕಿ ನೋಡುತ್ತಿದ್ದಂತೆ ಮದುಮಗ ಇಳಿದ. ಬ್ಯಾಂಡು ತುಂಡುತುಂಡಾಗಿ ನಿಂತಿತು. ಕಾಕಾ ಬಕಲ್ ಬಿಚ್ಚಿ ಜೀನನ್ನು ಕಟ್ಟೆಯ ಮೇಲಿಟ್ಟರು. ಅತ್ತೆ ಜನರನ್ನು ಸರಿಸಿಕೊಂಡು ಬರುವ ರಭಸ ನೋಡಿ ನಾನು ಹಿಂದೆ ಸರಿದೆ. ಅವರ ಬಾಯಲ್ಲಿ ಬೈಗುಳ ಸಿದ್ಧವಾಗಿತ್ತು, ನನಗೆ ಕಾಣುತ್ತಿತ್ತು. ಆದರೆ ಕುದುರೆಯ ಹತ್ತಿರ ಬಂದವರು ಸೆರಗು ಸಿಕ್ಕಿಸಿದರು. ಬಗ್ಗಿ ನೋಡಿದರು. ಬಳೆ ಸರಿಸಿ ಹಿಂಗಾಲಿನ ಮುಂದೆ, ಕೆಳಹೊಟ್ಟೆಯ ಮೇಲೆ ಅಂಗೈ ಇಟ್ಟರು.

"ಅಣ್ಣಾ, ಇಕಿ ಬಸುರಿ ಅದಾಳಲ್ಲೋ."

"ಏನಂದಿ?"

"ನಾಕು ಹಡದೀನಿ, ನನಗ ತಿಳಿಯಂಗಿಲ್ಲೇನು? ಸಂತ್ಯಾಗ ಕೊಂಡಾಗೇ ಇತ್ತದು. ದಿನಾ ತುಂಬಲಿಕ್ಕ ಬಂದಾವ."

ಕಾಕು ಗಂಭೀರವಾಗಿ ಸುತ್ತಲಿನ ಜನರನ್ನು ಕೇಳಿದರು. "ಮದುಮಗ ಬಿದ್ದನೇನು?"

"ಇಲ್ಲರಿ, ಇಳದಾನ," ಅಂದರು ಯಾರೋ.

"ಮತ್ತ? ಬಿದ್ದರ ಅಂತ ನಾ ಅಂದದ್ದು." ಹೀಗೆಂದು ಅವರು ಕುದುರೆಯ ಹಗ್ಗವನ್ನು ತಮ್ಮ ಕೈಗೆ ಸುತ್ತಿಕೊಂಡರು. ಅತ್ತೆ ಮಗನ ಕಡೆ ತಿರುಗಿದರು. "ನಡೀ, ಕಾಲು ಅವಲ್ಲ ನಿನಗ?"

ನಾವೆಲ್ಲ ನಕ್ಕೆವು. ಕಾಕಾ ನಗಲಿಲ್ಲ. ಕಟ್ಟೆಯ ಮೇಲೆ ಜೀನಿನ ಪಕ್ಕದಲ್ಲಿ ಕುಳಿತುಬಿಟ್ಟಿದ್ದರು. ನಾನು ಹತ್ತಿರ ಹೋದೆ.

"ಅಕಿ ಹೇಳಲತ್ತಿದ್ದಳು ಮಗಳ," ಅಂದರು. "ದಿನಾ ಹೇಳಲತ್ತಿದ್ದಳು. ನಾ ಪಟ್ಟಿ ಬದಲಿ ಮಾಡಕೋತ ಕುಂತೆ."

ಅತ್ತೆ ಬಂದು ಅವರ ಕೈ ಹಿಡಿದು ಎಬ್ಬಿಸಿದರು. ಕುದುರೆಯ ಬಳಿ ಕರೆದೊಯ್ದು, ಮಗುವಿನ ಕೈಯನ್ನು ಹಿಡಿದಂತೆ ಹಿಡಿದು ಅಂಗೈಯನ್ನು ಹೊಟ್ಟೆಯ ಮೇಲೆ ಇರಿಸಿದರು. "ಇಲ್ಲಿ. ಒತ್ತಬ್ಯಾಡ. ಸುಮ್ಮ ಇಡು."

"ಬಾರಸಲೇನ್ರಿ?" ಎಂದ ಬ್ಯಾಂಡಿನವ. ಅತ್ತೆ ತಿರುಗಿ ನೋಡದೆ ಬೆರಳೆತ್ತಿ ತಡೆದರು. ಮದುಮಗ ಮಾಲೆ ಹಾಕಿಕೊಂಡು ಧೂಳಿನಲ್ಲಿ ನಿಂತಿದ್ದ. ಎಲ್ಲರೂ ನಿಂತಿದ್ದೆವು. ಬಹಳ ಹೊತ್ತು ಏನೂ ಆಗಲಿಲ್ಲ.

"ಒದೀತು," ಅಂದರು ಕಾಕಾ.

ಆಮೇಲೆ ಕೈ ತೆಗೆಯದೆ, ನಮ್ಮ ಯಾರಿಗೂ ಅಲ್ಲ, ಆ ಹೊಟ್ಟೆಯೊಳಗಿನದಕ್ಕೇ ಹೇಳುವಂತೆ ಮೆಲ್ಲಗೆ ಅಂದರು: "ತಪ್ಪಾಯ್ತ್ರಿ."