ಹಚ್ಚಿದ ಕೂಡಲೇ ಕುಂಟುವ ನೆಟ್ಟು

ಮನಗೂಳಿಯ ನಮ್ಮ ಓಣಿಯಲ್ಲಿ ಕಂಪ್ಯೂಟರ್ ಬಲ್ಲವನು ನಾನೊಬ್ಬನೇ. ಇದು ನಾನು ಹೇಳುವ ಮಾತಲ್ಲ. ಓಣಿಯವರು ಹೇಳುತ್ತಾರೆಂದು ನಾನು ಎಲ್ಲರಿಗೂ ಹೇಳಿದ್ದೇನೆ, ಅಷ್ಟೇ. ಹೀಗಾಗಿ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನನಗೆ ಮೇಲಿನವರು ಒಂದು ಜವಾಬ್ದಾರಿ ಒಪ್ಪಿಸಿದಾಗ ಆಶ್ಚರ್ಯವೇನೂ ಆಗಲಿಲ್ಲ. ಸೋಮವಾರ ಬೆಳಿಗ್ಗೆ ಹತ್ತಕ್ಕೆ, ಮನೆಯಲ್ಲೇ ಕಂಪ್ಯೂಟರಿನ ಮುಂದೆ ಕುಳಿತು, ತಾಲ್ಲೂಕಿನ ಶಿಕ್ಷಕರಿಗೆಲ್ಲ ಉಪನ್ಯಾಸ ಕೊಡಬೇಕು. ವಿಷಯ: ‘ಪಾಸ್‌ವರ್ಡ್ ಕಾಪಾಡಿಕೊಳ್ಳುವ ಬಗೆ’. ಶಿಕ್ಷಣ ಇಲಾಖೆಯ ಸಾಹೇಬರೂ ಕೇಳುವವರಿದ್ದರು. ಮಾತು ಚೆನ್ನಾಗಿ ಬಂದರೆ ಜಿಲ್ಲೆಯ ತರಬೇತುದಾರನಾಗುವ ಯೋಗ. ನಡುವೆ ನಿಂತರೆ ತಾಲ್ಲೂಕಿನ ತುಂಬ ಮರ್ಯಾದೆ ಹೋಗುವ ಯೋಗ.

ತೊಂದರೆ ಒಂದೇ ಇತ್ತು. ಕಂಪ್ಯೂಟರ್ ಹಚ್ಚಿದ ಮೊದಲ ಎರಡು ನಿಮಿಷ ನೆಟ್ಟು ಓಡುತ್ತಿತ್ತು. ಮೂರನೆಯ ನಿಮಿಷಕ್ಕೆ ಕುಂಟುತ್ತಿತ್ತು. ಐದನೆಯ ನಿಮಿಷಕ್ಕೆ ಕುಳಿತೇ ಬಿಡುತ್ತಿತ್ತು. ಕರೆಂಟು ಉಳಿಯಲೆಂದು ನಾನು ಕಂಪ್ಯೂಟರಿಗೂ ನೆಟ್ಟಿನ ಪೆಟ್ಟಿಗೆಗೂ ಒಂದೇ ಸ್ವಿಚ್ಚು ಇಟ್ಟಿದ್ದೆ. ಎರಡೂ ಒಟ್ಟಿಗೇ ಏಳುತ್ತಿದ್ದವು. ಆದ್ದರಿಂದ ತಪ್ಪು ಕಂಪ್ಯೂಟರಿನದೇ ಎಂದು ವೈಜ್ಞಾನಿಕವಾಗಿ ತೀರ್ಮಾನಿಸಿದೆ.

ಶನಿವಾರ ದುರಸ್ತಿ ಶುರುವಾಯಿತು. ಕಂಪ್ಯೂಟರಿನ ಜೊತೆಗೆ ತಾವೂ ಏಳುವ ಪ್ರೋಗ್ರಾಮುಗಳು ನೆಟ್ಟನ್ನು ತಿಂದು ಹಾಕುತ್ತವೆಂದು ಎಲ್ಲೋ ಓದಿದ್ದೆ. ಹೆಸರು ಗೊತ್ತಿಲ್ಲದ ಒಂದನ್ನು ಬಂದ್ ಮಾಡಿದೆ. ಕನ್ನಡ ಟೈಪಿಂಗ್ ಹೋಯಿತು. ಇನ್ನೊಂದನ್ನು ಬಂದ್ ಮಾಡಿದೆ. ಧ್ವನಿ ಹೋಯಿತು. ನೆಟ್ಟು ಮಾತ್ರ ಕುಳಿತಲ್ಲಿಯೇ ಕುಳಿತಿತ್ತು! ಹೋದವುಗಳನ್ನು ಮರಳಿ ತರುವಷ್ಟರಲ್ಲಿ ಸಂಜೆಯಾಯಿತು.

ಈ ಸಂಕಟದಲ್ಲಿ ನನಗಿದ್ದ ಒಂದೇ ಸಮಾಧಾನವೆಂದರೆ ಜನರ ಪ್ರೀತಿ. ನಮ್ಮ ಮನೆ ಬಸ್ಸು ನಿಲ್ಲುವ ಜಾಗದ ಎದುರಿಗೇ ಇದೆ. ಮುದ್ದೇಬಿಹಾಳದ ಬಸ್ಸಿಗೆ ಕಾಯುವವರು ನಮ್ಮ ಕಟ್ಟೆಯ ಮೇಲೆ ಕೂಡುವುದು ರೂಢಿ. ನಾನು ಕಂಪ್ಯೂಟರ್ ಹಚ್ಚುವುದು ಸ್ವಲ್ಪ ತಡವಾದರೂ ಸಾಕು, “ಮಾಸ್ತರ್ ಇನ್ನೂ ಎದ್ದಿಲ್ಲೇನ್ರಿ? ಆರಾಮ ಅದಾರಿಲ್ಲೋ?” ಎಂದು ಕಿಟಕಿಯಲ್ಲಿ ವಿಚಾರಿಸುತ್ತಿದ್ದರು. ಇಂಥ ಅಭಿಮಾನ ಎಷ್ಟು ಮಂದಿಗೆ ಸಿಕ್ಕೀತು! ನನಗಂತೂ ಕಣ್ಣು ತುಂಬಿ ಬರುತ್ತಿತ್ತು.

ರವಿವಾರ ಹೊಸ ಉಪಾಯ ಹೊಳೆಯಿತು. ನೆಟ್ಟಿನ ಪೆಟ್ಟಿಗೆ ಎತ್ತರದಲ್ಲಿರಬೇಕು! ವೈರು ಎಳೆದು, ತಲೆಬಾಗಿಲಿನ ಮೇಲೆ ಅದನ್ನು ಕಟ್ಟತೊಡಗಿದೆ. ಹೆಂಡತಿ ಮಹಾದೇವಿ ಜೋಳ ಹಸನು ಮಾಡುತ್ತ ಕುಳಿತವಳು ತಲೆ ಎತ್ತಿದಳು.

“ಅದನ್ಯಾಕ ಬಾಗಲಾ ಮ್ಯಾಲ ಕಟ್ಟಾಕತ್ತೀರಿ? ದೃಷ್ಟಿಗೆ ಕಟ್ಟೋ ಕುಂಬಳಕಾಯಿ ಏನದು?”

“ಎತ್ತರಕ್ಕಿದ್ರ ನೆಟ್ ಛಲೋ ಹರೀತೈತಿ.”

“ಹರೀಲಿ. ನಿಚ್ಚಣಿಕಿ ಮುರೀಬ್ಯಾಡ್ರಿ ಮತ್ತ.”

ನಿಚ್ಚಣಿಕೆಗೆ ಏನೂ ಆಗಲಿಲ್ಲ. ನನ್ನ ಸೊಂಟ ಉಳುಕಿತು. ನೆಟ್ಟು ಮೊದಲಿಗಿಂತ ನಿಧಾನವಾಯಿತು.

ಸೋಮವಾರ ಒಂಬತ್ತಕ್ಕೆ, ಸೋಲೊಪ್ಪಿಕೊಂಡು, ಕೇಬಲ್ ಕೆಲಸದ ಮೌಲಾನಿಗೆ ಫೋನ್ ಮಾಡಿದೆ. ಬೈಕ್ ನಿಲ್ಲಿಸಿದವನು ಒಳಗೇ ಬರಲಿಲ್ಲ.

“ಸರ್, ನೀವ ಹೊರಗ ಬರ್ರಿ.”

“ಕಂಪ್ಯೂಟರ್ ಒಳಗೈತೋ ಮೌಲಾ.”

“ರೋಗ ಹೊರಗೈತ್ರಿ.”

ಅವನು ಗೋಡೆಯತ್ತ ಕೈ ಮಾಡಿದ. ನಮ್ಮ ಕಡೆ ಮದುವೆಯಿದ್ದರೆ ಮನೆಯ ಗೋಡೆಗೆ ವಧೂವರರ ಹೆಸರು ಬರೆಸುತ್ತೇವೆ. ಹೋದ ವರ್ಷ ಮಗಳ ಮದುವೆಗೆ ನಾನೂ ಬರೆಸಿದ್ದೆ. ಮೇಲೆ ‘ಶುಭವಿವಾಹ’, ಅದರ ಕೆಳಗೆ ಮಗಳು ಅಳಿಯನ ಹೆಸರು, ಆಚೆ ಈಚೆ ಎರಡು ಗಿಳಿ. ಎಲ್ಲಕ್ಕಿಂತ ಕೆಳಗೆ, ಬೀಗರಿಗೆ ಅನುಕೂಲವಾಗಲೆಂದು ನಾನೇ ನಿಂತು ಬರೆಸಿದ ಇನ್ನೊಂದು ಸಾಲು: ನಮ್ಮ ನೆಟ್ಟಿನ ಪಾಸ್‌ವರ್ಡ್! ಒಂದೊಂದು ಅಕ್ಷರ ಗೇಣುದ್ದ. ಕೆಂಪು ಬಣ್ಣ. ಒಂದು ಮಳೆಗಾಲ ಕಳೆದರೂ ಮಾಸಿರಲಿಲ್ಲ. ದಿನಾ ಅದರ ಮುಂದೆಯೇ ಓಡಾಡುತ್ತಿದ್ದೆ, ಆದರೆ ಸ್ವಂತ ಮನೆಯ ಗೋಡೆಯನ್ನು ಯಾರು ಓದುತ್ತಾರೆ?

ಮೌಲಾ ತನ್ನ ಫೋನಿನಲ್ಲಿ ಎಣಿಸಿ ನೋಡಿದ. “ಈಗ ಮೂವತ್ತೇಳು ಫೋನ್ ನಿಮ್ಮ ನೆಟ್‌ನಾಗ ಅದಾವ್ರಿ. ಬೀಗರ ಬಳಗ ದೊಡ್ಡದೈತಿ ನಿಮ್ದು.”

ಕಟ್ಟೆಯ ಮೇಲಿನ ಅಭಿಮಾನಿಗಳತ್ತ ನೋಡಿದೆ. ಒಬ್ಬರೂ ಫೋನಿನಿಂದ ತಲೆ ಎತ್ತಲಿಲ್ಲ.

“ಸುಣ್ಣಾ ತಗೊಂಬಾ!” ಎಂದು ಕೂಗಿದೆ.

ಮಹಾದೇವಿ ಬರಿಗೈಯಲ್ಲಿ ಬಂದಳು. “ಮಗಳ ಹೆಸರಿರೋ ಗ್ವಾಡಿಗಿ ಸುಣ್ಣಾ? ಅದೂ ಆಕಿ ಏಳು ತಿಂಗಳ ಬಸುರಿ ಇರೋವಾಗ? ಕೈ ಹಚ್ಚಿ ನೋಡ್ರಿ!”

ಕೈ ಹಚ್ಚಲಿಲ್ಲ. ಮೌಲಾ ಎರಡೇ ನಿಮಿಷದಲ್ಲಿ ಪಾಸ್‌ವರ್ಡ್ ಬದಲಿಸಿದ. ಹೊಸದನ್ನು ಚೀಟಿಯಲ್ಲಿ ಬರೆದು, ನಾನು ಮರೆಯುತ್ತೇನೆಂದು ಹೆಂಡತಿಯ ಕೈಗೆ ಕೊಟ್ಟು ಹೋದ. ನೆಟ್ಟು ಕುದುರೆಯಾಯಿತು!

ಹತ್ತಕ್ಕೆ ಸರಿಯಾಗಿ ಆರಂಭಿಸಿದೆ. ಇಪ್ಪತ್ತು ನಿಮಿಷ ನಿರರ್ಗಳವಾಗಿ ಮಾತಾಡಿದೆ. ಸಾಹೇಬರು ಎರಡು ಸಲ ತಲೆದೂಗಿದರು. ಜಿಲ್ಲೆ ನನ್ನ ಕಣ್ಣಿಗೆ ಕಾಣತೊಡಗಿತು. “ಎಷ್ಟೇ ಆಪ್ತರು ಕೇಳಲಿ, ಪಾಸ್‌ವರ್ಡನ್ನು ಯಾರಿಗೂ ಹೇಳಬಾರದು!” ಎಂದು ಮೇಜು ಗುದ್ದಿದೆ. ಸಾಹೇಬರು ಕಣ್ಣು ಅರ್ಧ ಮುಚ್ಚಿದರು. ಮತ್ತೆ ತೆರೆಯಲಿಲ್ಲ. ಪರದೆಯ ಮೇಲಿನ ಅಷ್ಟೂ ಮುಖಗಳು ಇದ್ದಲ್ಲಿಯೇ ನಿಂತಿದ್ದವು.

“ಮಹಾದೇವೀ!”

“ಯಾಕ ಒದರ್ತೀರಿ? ಕಟ್ಟಿಮ್ಯಾಲಿನ ಮಂದಿ ನೆಟ್ ಯಾಕ ಬರವಲ್ದು ಅಂತ ಕೇಳಿದ್ರು. ಚೀಟಿ ಕೊಟ್ಟೆ. ಬಾಗಲಿಗೆ ಬಂದು ನೀರು ಕೇಳಿದ್ರ ಇಲ್ಲ ಅಂತೀವೇನ್ರಿ?”

ಸೊಂಟ ಹಿಡಿದುಕೊಂಡು ಹೊರಗೆ ಓಡಿದೆ. ಕಟ್ಟೆಯ ಮೇಲಿದ್ದ ಒಬ್ಬರು ಕಿವಿಯಿಂದ ವೈರು ತೆಗೆದು ಗೌರವದಿಂದ ಎದ್ದು ನಿಂತರು. “ನಮಸ್ಕಾರ್ರಿ ಸರ್. ನಾನೂ ಶಿಕ್ಷಕನ ರೀ. ಬಸ್ ತಪ್ಪಿತು, ಇಲ್ಲೇ ಕುಂತು ನಿಮ್ಮ ಉಪನ್ಯಾಸ ಕೇಳಾಕತ್ತಿದ್ದೆ. ನಿಮ್ಮ ನೆಟ್‌ನಾಗ.”

“ಹೆಂಗಿತ್ತು?” ಎಂದು ಕೇಳಿಯೇಬಿಟ್ಟೆ.

“ಭಾಳ ಛಲೋ ಇತ್ರಿ. ಯಾರಿಗೂ ಹೇಳಬಾರದು ಅಂದ್ರಿ ನೋಡ್ರಿ, ಅಲ್ಲೇ ಫೋನ್‌ನಾಗ ಕಡೀತು. ಚಿಂತಿ ಇಲ್ರಿ, ಮುಂದ ನೀವು ಅವ್ವಾರನ್ನ ಕೂಗಿದ್ದು ಕಿಟಕಿಯಿಂದ ಸ್ಪಷ್ಟ ಕೇಳ್ತು.”

ಜಿಲ್ಲೆಯ ತರಬೇತುದಾರರಾಗಿ ಬೇರೊಬ್ಬರು ನೇಮಕವಾದರು. ಗೋಡೆಯ ಮೇಲೆ ಗಿಳಿಗಳು ಹಾಗೆಯೇ ಇವೆ. ಈಗ ನೆಟ್ಟಿನ ತುರ್ತು ಕೆಲಸವಿದ್ದರೆ ನಾನು ಕಂಪ್ಯೂಟರಿಗೆ ಕೈ ಹಚ್ಚುವುದಿಲ್ಲ. ಕಟ್ಟೆಗೆ ಹೋಗಿ ಕೈ ಮುಗಿಯುತ್ತೇನೆ. “ಹತ್ತು ನಿಮಿಷ ನನಗೂ ಬಿಡ್ರಪ್ಪಾ.” ದೊಡ್ಡ ಮನಸ್ಸಿನ ಜನ. “ಆತು, ಮಾಡ್ಕೊಳ್ರಿ ಮಾಸ್ತರ್” ಎಂದು ಅಪ್ಪಣೆ ಕೊಡುತ್ತಾರೆ. ಬಸ್ಸು ಬಂದಿದ್ದರೆ.