ಕಂಬದ ಬುಡಕ್ಕಿಟ್ಟ ಗುಂಡು

ಚಿಮಣಿ ಗುಡಿಸಲು ಬಂದವನು ಬಾಯಿ ಮುಚ್ಚಿಕೊಂಡು ಹೋಗಿದ್ದರೆ ಓಡೀಲ್ ಸುಖವಾಗಿ ಮುದುಕನಾಗುತ್ತಿದ್ದ. ಒಲೆಯ ಮೇಲಿನ ಹಲಗೆಯಲ್ಲಿ, ಮಾತೆ ಮೇರಿಯ ಪಕ್ಕದಲ್ಲೇ, ಮೊದಲ ಮಹಾಯುದ್ಧದ ಫಿರಂಗಿ ಗುಂಡೊಂದು ನಿಂತಿತ್ತು. ಹೆಂಡತಿಯ ತಾತ ಬೀಟ್ ಹೊಲದಲ್ಲಿ ಅಗೆದು ತಂದದ್ದು. ಚಿಮಣಿಯವನು ಅದನ್ನು ನೋಡಿ, "ಮೂತಿ ಇನ್ನೂ ಹಾಗೇ ಇದೆಯಲ್ಲ. ಸಿಡಿಯೋದು ಅಲ್ಲಿಂದಲೇ," ಎಂದವನೇ ಟೋಪಿ ಹಾಕಿಕೊಂಡು ಹೊರಟ.

ಓಡೀಲ್ ಕಾಫಿ ಲೋಟ ಎತ್ತಿಕೊಂಡು ಒಲೆಯಿಂದ ದೂರದ ಕುರ್ಚಿಗೆ ಹೋಗಿ ಕೂತ. ಹೆಂಡತಿ ಗೊಡೆಲೀವ್ ಮಾತ್ರ ಎಂದಿನಂತೆ ಗುಂಡಿಗೆ ಶನಿವಾರದ ಪಾಲಿಶ್ ಹಚ್ಚುತ್ತಿದ್ದಳು.

"ತಾತನ ಕಾಲದಿಂದ ಒಂದು ಮಾತಾಡಿಲ್ಲ, ಪಾಪ. ಈ ಮನೇಲಿ ಸುಮ್ನಿರೋದು ಅದೊಂದೇ."

ಅವಳು ಸಂತೆಗೆ ಹೋದದ್ದೇ ತಡ, ಓಡೀಲ್ ಗುಂಡನ್ನು ಮಲಗಿದ ರಾಕ್ಷಸನ ಕೂಸಿನಂತೆ ಮೆಲ್ಲಗೆ ಎತ್ತಿಕೊಂಡು ಹೋಗಿ ರಸ್ತೆಯ ವಿದ್ಯುತ್ ಕಂಬದ ಬುಡದಲ್ಲಿ ನಿಲ್ಲಿಸಿದ. ಆ ಯುದ್ಧ ನಡೆದ ನಮ್ಮ ಫ್ಲಾಂಡರ್ಸಿನಲ್ಲಿ ನೇಗಿಲಿಗೆ ಸಿಕ್ಕ ಗುಂಡುಗಳನ್ನೆಲ್ಲ ಅಲ್ಲೇ ಇಡುವುದು ವಾಡಿಕೆ. ಸೈನ್ಯದ ಲಾರಿ ಬಂದು ಹಾಲಿನ ಕ್ಯಾನುಗಳಂತೆ ಹೇರಿಕೊಂಡು ಹೋಗುತ್ತದೆ.

ಲಾರಿಗಿಂತ ಮೊದಲು ನೆರೆಮನೆಯ ಕಮೀಲ್ ಬಂದ. ಕನ್ನಡಿಯಂತೆ ಹೊಳೆಯುವ ಗುಂಡು ಹೊಲದ್ದಲ್ಲ, ಗೊಡೆಲೀವ್ ಪಾಲಿಶ್ ಹಚ್ಚಿದ್ದೆಂದು ಯಾರಿಗಾದರೂ ತಿಳಿಯುತ್ತದೆ. ಕಳ್ಳ ಭಾರ ತಾಳದೆ ಬಿಟ್ಟುಹೋಗಿದ್ದಾನೆಂದು ತೀರ್ಮಾನಿಸಿ, ತಳ್ಳುಗಾಡಿಯಲ್ಲಿ ಗಡಗಡ ಕುಲುಕಿಸುತ್ತ ತಂದೊಪ್ಪಿಸಿದ. ಒಂದೊಂದು ಗಡಗಡಕ್ಕೂ ಒಂದೊಂದು ಸಲ ಸತ್ತು ಹುಟ್ಟಿದ ಓಡೀಲ್, ಆ ಉಪಕಾರಕ್ಕೆ ಬಿಯರನ್ನೂ ಕೊಡಬೇಕಾಯಿತು.

ಈ ಸಲ ಗುಂಡಿಗೆ ಕೆಸರು ಮೆತ್ತಿ, ಊರಾಚೆಯ ಕಂಬಕ್ಕೆ ಒರಗಿಸಿ, ತಾನು ಚರಂಡಿಯಲ್ಲಿ ಅಡಗಿ ಕಾದ. ಲಾರಿ ಬಂತು. ಸೈನಿಕನೊಬ್ಬ ಕೆಸರು ಒರೆಸಿ ನೋಡಿ ನಕ್ಕುಬಿಟ್ಟ.

"ಬುಡಕ್ಕೆ ತೂತು ಕೊರೆದು ಮದ್ದೆಲ್ಲ ಯಾವತ್ತೋ ತೆಗೆದಿದಾರೆ. ಇದ್ರಲ್ಲಿ ಸೂಪು ಕುಡೀಬಹುದು," ಎಂದು ಜೊತೆಗಾರನಿಗೆ ಹೇಳುತ್ತ ಲಾರಿಗೇರಿಸಿದ. ಮೈಯೆಲ್ಲ ಕೆಸರಾಗಿ ಚರಂಡಿಯಿಂದೆದ್ದು, ಅದು ನನ್ನದೆಂದು ಹೇಳುವ ಮುಖ ಓಡೀಲ್‌ಗಿರಲಿಲ್ಲ. ಹೇಗೋ ತೊಲಗಿತಲ್ಲ, ಇನ್ನು ನೆಮ್ಮದಿಯಾಗಿ ನಿದ್ದೆ ಮಾಡಬಹುದು ಎಂದುಕೊಂಡು ಮನೆಗೆ ಬಂದ.

ಮನೆ ತುಂಬ ಜನ. ಕಳ್ಳ ಎರಡನೇ ಸಲವೂ ಬಂದು ಗೆದ್ದನೆಂದು ಕಮೀಲ್ ಬೀದಿಗೆಲ್ಲ ಸಾರಿದ್ದ. ಗೊಡೆಲೀವ್ ಬಿಕ್ಕುತ್ತಿದ್ದಳು. ಸಾವಿನ ಮನೆಗೆ ಬುತ್ತಿ ತರುವಂತೆ ಒಬ್ಬೊಬ್ಬರೂ ತಮ್ಮ ತಮ್ಮ ತಾತಂದಿರ ಗುಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದರು. ಹಲಗೆ ತುಂಬಿ, ಮಾತೆ ಮೇರಿ ಮೂಲೆಗೆ ಸರಿದಿದ್ದಳು. ಕಮೀಲ್ ತನ್ನದನ್ನು ನಟ್ಟನಡುವೆ ಧೊಪ್ಪನೆ ಕುಕ್ಕಿದ.

"ನಿಮ್ಮದು ಎತ್ತಿದಾಗಲೇ ಅಂದ್ಕೊಂಡೆ, ಬರೀ ಟೊಳ್ಳು ಅಂತ," ಎಂದು ಓಡೀಲ್‌ನ ಬೆನ್ನು ತಟ್ಟಿದ. "ಇವು ಹಂಗಲ್ಲ ಮಾರಾಯ. ಒಳಗಿನ ಮದ್ದು ಇದ್ದ ಹಾಗೇ ಇದೆ, ಒಂದಕ್ಕೂ ಯಾರೂ ಕೈ ಹಚ್ಚಿಲ್ಲ."

ಗೊಡೆಲೀವ್ ಕಣ್ಣೊರೆಸಿಕೊಂಡು ಎದ್ದಳು.

"ಹಂಗೇ ನಿಂತ್ಕೋಬೇಡ, ಓಡೀಲ್. ಒಲೆಗೆ ಇನ್ನೆರಡು ಕೊರಡು ಹಾಕು, ಎಲ್ಲರಿಗೂ ಕಾಫಿ ಆಗ್ಬೇಕು."